ಕಾವಿಲ್ಲದ ಕೊಡಲಿ

ರಾಯಚೂರಿನಲ್ಲಿರುವ ನನ್ನ ಹಳೆಯ ಮಿತ್ರರೊಬ್ಬರಿಗೆ ಅವರ ಮಗ ಬೆಂಗಳೂರಿನಿಂದ ಒಂದು ಚಾಕು ಕಳಿಸಿಕೊಟ್ಟಿದ್ದ. ಡಮಾಸ್ಕಸ್ ಉಕ್ಕಿನದು, ಕೈಯಿಂದಲೇ ಮಾಡಿದ್ದು. ಅಲಗಿನ ಮೇಲೆ ಹರಿಯುವ ನೀರಿನಂಥ ಗೆರೆಗಳು. ನೋಡಿದವರು ಆಹಾ ಎನ್ನಬೇಕು, ನಾವೂ ಎಂದೆವು. ಬೇಸಗೆಯಲ್ಲಿ ಉಪ್ಪಿನಕಾಯಿಗೆಂದು ಮಾವಿನಕಾಯಿ ಹೆಚ್ಚಲು ಕುಳಿತಾಗ ಅದರ ಹಿಡಿ ಕೈಯಲ್ಲೇ ತಿರುಗಿಬಿಟ್ಟಿತು. ರಾಯಚೂರಿನ ಬಿಸಿಲಿಗೆ ಮರ ಒಣಗಿ ಸೊರಗಿತ್ತು, ಒಳಗಿನ ಅಂಟು ಬಿಟ್ಟಿತ್ತು. ಮಿತ್ರರ ಹೆಬ್ಬೆರಳು ಉಳಿದದ್ದು ಅವರ ಪುಣ್ಯ. "ಅಲಗು ಭಾಳ ಚಲೋ ಅದ ಬಿಡ್ರಿ" ಎಂದು ಆಗಲೂ ಅವರು ಚಾಕುವಿನ ಪರವಾಗಿಯೇ ವಾದಿಸಿದರು. ಈ ವಾದದ ಮೇಲೆಯೇ ನನ್ನ ತಕರಾರು.

ಅಲಗಿನ ಕೀರ್ತಿ ಸಣ್ಣದಲ್ಲವೆಂಬುದನ್ನು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. 'ವೂಟ್ಜ್' ಉಕ್ಕನ್ನು ಕುರಿತು ಶಾರದಾ ಶ್ರೀನಿವಾಸನ್ ಮತ್ತು ಶ್ರೀನಿವಾಸ ರಂಗನಾಥನ್ ಅವರು 2004ರಲ್ಲಿ ಹೊರತಂದ ಇಂಗ್ಲಿಷ್ ಗ್ರಂಥವನ್ನು ಓದಿದ ಕನ್ನಡಿಗನಿಗೆ ಹೆಮ್ಮೆ ಎನಿಸದೆ ಇರದು. ವೂಟ್ಜ್ ಎಂಬುದು ನಮ್ಮ 'ಉಕ್ಕು' ಶಬ್ದವೇ ಪರದೇಶಿಗಳ ಬಾಯಲ್ಲಿ ತಾಳಿದ ರೂಪವೆಂದು ಅನೇಕ ವಿದ್ವಾಂಸರ ಮತ. 1795ರಲ್ಲಿ ಜಾರ್ಜ್ ಪಿಯರ್ಸನ್ ಅದರ ಮೇಲೆ ಲಂಡನ್ನಿನ ರಾಯಲ್ ಸೊಸೈಟಿಗೆ ಪ್ರಬಂಧ ಒಪ್ಪಿಸಿದನು. ಮುಂದೆ ಮೈಕೆಲ್ ಫ್ಯಾರಡೆಯೂ ಅದನ್ನು ಪರೀಕ್ಷಿಸಿದನು. 1800-01ರಲ್ಲಿ ಮೈಸೂರು ಸೀಮೆಯನ್ನು ಸುತ್ತಿದ ಬುಕಾನನ್ ಉಕ್ಕು ಮಾಡುವ ಕ್ರಮವನ್ನು ಕಂಡು ಬರೆದಿಟ್ಟಿದ್ದಾನೆ: ಮಣ್ಣಿನ ಮೂಸೆಯಲ್ಲಿ ಕಬ್ಬಿಣದೊಡನೆ ತಂಗಡಿ ಗಿಡದ ಕಡ್ಡಿ, ಹಸಿರೆಲೆ ಇಟ್ಟು, ಬಾಯಿ ಮುಚ್ಚಿ ಕುಲುಮೆಯಲ್ಲಿ ಕಾಸುವುದು. ಕಡ್ಡಿಯ ಇಂಗಾಲ ಕಬ್ಬಿಣಕ್ಕಿಳಿದು ನೂರಕ್ಕೆ ಒಂದೂವರೆ ಪಾಲಿನಷ್ಟಾಗುತ್ತಿತ್ತು. ಆ ಗಟ್ಟಿ ನಿಧಾನವಾಗಿ ಆರಿ, ಹದವಾದ ಕಾವಿನಲ್ಲಿ ಬಡಿಸಿಕೊಂಡಾಗ ಗೆರೆ ಒಳಗಿನಿಂದಲೇ ಹುಟ್ಟುತ್ತಿತ್ತು.

ಇಂದು ಡಮಾಸ್ಕಸ್ ಎಂಬ ಹೆಸರಿನಲ್ಲಿ ಮಾರುವ ಬಹುಪಾಲು ಚಾಕುಗಳ ಗೆರೆ ಬೇರೆ ಜಾತಿಯದು. ಎರಡು ಬಗೆಯ ಉಕ್ಕಿನ ಪಟ್ಟಿಗಳನ್ನು ಪದರಪದರವಾಗಿ ಬೆಸೆದು, ಮಡಿಚಿ ಬಡಿದು, ಕೊನೆಗೆ ಲೋಹವನ್ನು ತಿನ್ನುವ ದ್ರಾವಣದಲ್ಲಿ ಅದ್ದುತ್ತಾರೆ. ಒಂದು ಪದರ ಕಪ್ಪಾಗುತ್ತದೆ, ಮತ್ತೊಂದು ಬೆಳ್ಳಗೆ ಉಳಿಯುತ್ತದೆ. ಇದೂ ಶ್ರಮದ ಕೆಲಸವೇ, ಹಳಿಯಬೇಕಾಗಿಲ್ಲ. ಆದರೆ ಎರಡನ್ನೂ ಒಂದೇ ಹೆಸರಿನಿಂದ ಕರೆಯುವುದು ತಪ್ಪು. ಗೆರೆ ನೋಡಿ ಹತ್ಯಾರಕ್ಕೆ ಬೆಲೆ ಕಟ್ಟುವುದು ಅದಕ್ಕಿಂತ ದೊಡ್ಡ ತಪ್ಪು.

ಹಿಡಿಯನ್ನು ಮರೆಯುವ ಈ ಅಭ್ಯಾಸಕ್ಕೆ ಮಣ್ಣೂ ನೆರವಾಗಿದೆ. ಲಿಂಗಸುಗೂರು ತಾಲ್ಲೂಕಿನ ಪಿಕ್ಲಿಹಾಳದಲ್ಲಿ ಆಲ್ಚಿನ್ ಅವರು ಅಗೆದು, 1960ರಲ್ಲಿ ವರದಿ ಪ್ರಕಟಿಸಿದರು. ಅಲ್ಲಿನ ಶಿಲಾಯುಗದ ಜನ ಉಜ್ಜಿ ನಯಗೊಳಿಸಿದ ಕಲ್ಲಿನ ಕೊಡಲಿಗಳು ನಮಗೆ ಸಿಕ್ಕಿವೆ; ಕಾವುಗಳನ್ನು ಗೆದ್ದಲು ತಿಂದಿದೆ. ಮಾನ್ವಿ ಸೀಮೆಯೆಂದರೆ ನಮಗೆ ಜಗನ್ನಾಥದಾಸರು ನೆನಪಾಗುತ್ತಾರೆ. ಅದೇ ಸೀಮೆಯ ಕಲ್ಲೂರಿನಲ್ಲಿ ತಾಮ್ರದ ಪುರಾತನ ಕತ್ತಿಗಳು ದೊರೆತಿವೆ. ಅವುಗಳ ಹಿಡಿ ಕೀಟದ ಮೀಸೆಯಂತೆ ಕವಲೊಡೆದಿದೆ. ಹಿಡಿಯೂ ಅಲಗೂ ಒಂದೇ ತಾಮ್ರವಾದ್ದರಿಂದ ಆ ಹಿಡಿ ನಮ್ಮ ಕಾಲದವರೆಗೆ ಬಂತು. ಮರದ ಹಿಡಿಗೆ ಆ ಭಾಗ್ಯವಿಲ್ಲ. ನಮ್ಮ ಗಾದೆಯೂ ಕಾವನ್ನು ನೆನೆಯುವುದು ದೂರುವುದಕ್ಕಾಗಿಯೇ: ಕೊಡಲಿ ಕಾವು ಕುಲಕ್ಕೆ ಮೂಲ!

ಮದುವೆಯೊಂದಕ್ಕೆ ದೇವದುರ್ಗಕ್ಕೆ ಹೊರಟಾಗ ಆ ಚಾಕುವನ್ನು ಚೀಲದಲ್ಲಿ ಹಾಕಿಕೊಂಡೆ. ಊಟವಾದ ಮೇಲೆ ವಯಸ್ಸಾದ ಬಡಿಗರೊಬ್ಬರ ಮುಂದೆ ಹೋಗಿ ಕುಳಿತೆ. ಅವರು ರೈತನೊಬ್ಬನ ಕೊಡಲಿಗೆ ಕಾವು ಹಾಕುತ್ತಿದ್ದರು. ನೆರಳಲ್ಲಿ ಒಣಗಿಸಿದ ಜಾಲಿಯ ತುಂಡು, ಎಳೆ ಉದ್ದಕ್ಕೂ ನೆಟ್ಟಗೆ ಹರಿದದ್ದು. ಎಳೆ ಅಡ್ಡ ಹೋದರೆ ಹೊಡೆತಕ್ಕೆ ಅಲ್ಲೇ ಸೀಳುತ್ತದೆ. ತುದಿಯನ್ನು ಕೆತ್ತಿ ಕೊಡಲಿಯ ತೂತಿಗೆ ಕೂಡಿಸಿದರು. ಆಮೇಲೆ ಕೊಡಲಿ ಕೆಳಗೆ ತೂಗುವಂತೆ ಕಾವನ್ನು ಎತ್ತಿ ಹಿಡಿದು, ಅದರ ಹಿಂತುದಿಗೆ ಕೊಡತಿಯ ಏಟು ಕೊಟ್ಟರು. ಕೊಡಲಿಯನ್ನು ಯಾರೂ ಮುಟ್ಟಲಿಲ್ಲ. ತನ್ನ ಭಾರದಿಂದ ತಾನೇ ಕಾವನ್ನು ಏರಿ ಕುಳಿತಿತು. ಬೆಣೆ ಬಡಿದು, ಗಾಜಿನ ಚೂರಿನಿಂದ ಹೆರೆದು, ಅಗಸಿ ಎಣ್ಣೆ ಸವರಿ ಕೈಬಿಟ್ಟರು.

"ಇನ್ನೂ ನುಣುಪು ಮಾಡಬಹುದಿತ್ತಲ್ಲ?" ಎಂದೆ.

"ಮಾಡಬಹುದ್ರೀ. ಬೆವತ ಕೈಯಾಗ ನಿಲ್ಲಂಗಿಲ್ಲ."

ಎಲ್ಲಿ ನಿಲ್ಲಿಸಬೇಕೆಂಬ ಈ ತಿಳಿವಳಿಕೆ ಇದ್ದಿದ್ದರೆ ನಮ್ಮ ಎಷ್ಟೋ ಕವಿತೆಗಳೂ ವಿಮರ್ಶೆಗಳೂ ಬದುಕುತ್ತಿದ್ದವು.

ಚಾಕುವನ್ನು ಅವರು ತಿರುಗಿಸಿ ನೋಡಿದರು. ಗೆರೆಯ ಕಡೆ ಕಣ್ಣು ಹೋಗಲಿಲ್ಲ. ಹಳೆಯ ಹಿಡಿಯನ್ನು ಸೀಳಿ ತೆಗೆದರು. ಹಿಡಿಯೊಳಗೆ ಹೋಗುವ ಬಾಲ ಬೆರಳಿನ ಎರಡು ಗೆಣ್ಣಿನಷ್ಟೂ ಇರಲಿಲ್ಲ. ಹೊಸ ಜಾಲಿಯ ಹಿಡಿಗೆ ಬಾಲದ ಅಳತೆಗೇ ತೂತು ಕೊರೆದು, ಅರಗು ಮತ್ತು ಇಟ್ಟಿಗೆಪುಡಿ ತುಂಬಿದರು. ಹದ ಕೆಡದಂತೆ ಅಲಗಿಗೆ ಒದ್ದೆ ಬಟ್ಟೆ ಸುತ್ತಿ, ಬಾಲವನ್ನಷ್ಟೇ ಕಾಸಿ ಒತ್ತಿದರು. ಹಿಂದಿನ ತಲವಾರುಗಳ ಕಬ್ಬಿಣದ ಹಿಡಿಯಲ್ಲಿ ಅಲಗನ್ನು ನಿಲ್ಲಿಸುತ್ತಿದ್ದುದೂ ಅರಗಿನಿಂದಲೇ. ಕಾಸಿದರೆ ಅರಗು ಬಿಡುತ್ತದೆ. ಮುಂದೆ ಇನ್ನೊಬ್ಬನು ದುರಸ್ತಿ ಮಾಡಲು ಅವಕಾಶವಿರುತ್ತದೆ. ತನ್ನ ಕೆಲಸವೇ ಕೊನೆಯದೆಂದು ಆ ಬಡಿಗರು ತಿಳಿದಿರಲಿಲ್ಲ.

ನಮ್ಮ ಗ್ರಂಥಗಳು ಲೋಹಶಾಸ್ತ್ರಜ್ಞರವು. ಅವು ಲೋಹದ ಮಾತನ್ನಾಡುವುದು ನ್ಯಾಯವೇ. ದೂರಬೇಕಾದದ್ದು ಓದಿ ಮೆಚ್ಚುವ ನಮ್ಮನ್ನು. ಉಕ್ಕಿನ ಹೆಮ್ಮೆಯನ್ನು ಭಾಷಣಕ್ಕೆ ಇಟ್ಟುಕೊಂಡು, ಆ ಉಕ್ಕನ್ನು ಮನುಷ್ಯನ ಕೈಗೆ ಒಪ್ಪಿಸುವ ವಿದ್ಯೆಯನ್ನು ವಿದ್ಯೆಯೆಂದೇ ನಾವು ಎಣಿಸಿಲ್ಲ. ಹಿಡಿಗೆ ಬಡಿಗರು ಕೇಳಿದ್ದು ಇನ್ನೂರು ರೂಪಾಯಿ. ಮಗ ಆ ಚಾಕುವಿಗೆ ಎಷ್ಟು ಸಾವಿರ ಕೊಟ್ಟನೆಂದು ಮಿತ್ರರು ಹಿಗ್ಗಿನಿಂದ ಊರಿಗೆಲ್ಲ ಹೇಳಿದ್ದರು. ಇದನ್ನು ಕೇಳಿ ಅವರೆಂದದ್ದು: "ಬರೇ ಒಂದು ಹಿಡಿಕ ಇಷ್ಟು ರೊಕ್ಕೇನ್ರೀ?"

ನಾನು ಉತ್ತರ ಕೊಡಲಿಲ್ಲ. ಚಾಕುವನ್ನೂ ಒಂದು ಮಾವಿನಕಾಯನ್ನೂ ಅವರ ಮುಂದಿಟ್ಟೆ.