ಒಂಬತ್ತನೇ ಕಲಂ ಇಲ್ಲದ ಪಹಣಿ

ನಂಜನಗೂಡಿನ ರೈತನಿಗೆ ಪಹಣಿ ಓದುವುದನ್ನು ಯಾರೂ ಹೇಳಿಕೊಡಬೇಕಿಲ್ಲ. ಒಂಬತ್ತನೇ ಕಲಂನಲ್ಲಿ ಹೆಸರು, ಹನ್ನೊಂದರಲ್ಲಿ ಬ್ಯಾಂಕಿನ ಸಾಲ. ಅದೇ ಊರಿನ ಲಾಡ್ಜ್ ಮಾಲೀಕರು ತಮ್ಮ ವೆಬ್‌ಸೈಟಿನ ಡೊಮೇನ್ ದಾಖಲೆ ತೆಗೆದು ನೋಡಲಿ. ಮಾಲೀಕರ ಹೆಸರಿರಬೇಕಾದ ಕಡೆ ಗೌಪ್ಯತೆಯ ಮುಸುಕು; ಕೆಳಗೆ ‘ಕ್ಲೈಂಟ್ ಟ್ರಾನ್ಸ್‌ಫರ್ ಪ್ರೊಹಿಬಿಟೆಡ್’ ಎಂಬ ಸಾಲು. ಓದಿದವರಿಗೆ ಎದೆ ಧಸಕ್ಕೆನ್ನಬೇಕು. ಅಸಲಿಗೆ ಅದು ಹೆಸರನ್ನು ಬೇರೆಯವರು ವರ್ಗಾಯಿಸಿಕೊಳ್ಳದಂತೆ ಹಾಕಿರುವ ಲಾಕ್, ಅಷ್ಟೆ.

ಭಾಷೆಗಿಂತ ದೊಡ್ಡ ದೋಷ ತಾರೀಖಿನದು. ಡಾಟ್ ಕಾಮ್ ಹೆಸರಿನ ಅವಧಿ ಮುಗಿದ ದಿನ, ಮಾಲೀಕರು ಹಣ ಕಟ್ಟಿರಲಿ ಬಿಡಲಿ, ಆ ಹೆಸರುಗಳ ಮೂಲ ದಾಖಲೆ ಇಡುವ ರಿಜಿಸ್ಟ್ರಿ ಅವಧಿಯನ್ನು ತಾನಾಗಿಯೇ ಒಂದು ವರ್ಷ ಮುಂದೂಡುತ್ತದೆ. ಹಣ ಬರದಿದ್ದರೆ ನೋಂದಣಿ ಮಾಡಿಕೊಟ್ಟ ಕಂಪನಿ, ಅಂದರೆ ರಿಜಿಸ್ಟ್ರಾರ್, 45 ದಿನದೊಳಗೆ ಹೆಸರನ್ನು ಅಳಿಸಿಹಾಕಬಹುದು. ಈ ನಡುವೆ ರಿಜಿಸ್ಟ್ರಿಯ ದಾಖಲೆಯಲ್ಲಿ ಕಾಣುವುದು ಮುಂದಿನ ವರ್ಷದ ತಾರೀಖು! ರಿಜಿಸ್ಟ್ರಿ, ರಿಜಿಸ್ಟ್ರಾರ್ ಇಬ್ಬರ ಲೆಕ್ಕಕ್ಕೆ ಇದು ಸರಿಯೇ ಇರಬಹುದು. ಮಾಲೀಕರ ಪಾಲಿಗೆ ಹಸಿ ಸುಳ್ಳು. 2025ರ ಜನವರಿಯಲ್ಲಿ ಡೊಮೇನ್ ದಾಖಲೆ ತೋರಿಸುವ ಹಳೆಯ ಹೂಈಸ್ ವ್ಯವಸ್ಥೆಯ ಬದಲು ಆರ್‌ಡಿಎಪಿ ಬಂತು. ದಾಖಲೆಯ ವಿನ್ಯಾಸ ಬದಲಾಯಿತು, ಈ ಗೊಂದಲ ಹೋಗಲಿಲ್ಲ.

ಡೊಮೇನ್ ಹೆಸರುಗಳ ಮೇಲ್ವಿಚಾರಣೆ ನಡೆಸುವ ಐಕ್ಯಾನ್ ಸಂಸ್ಥೆಯ ನಿಯಮದಲ್ಲಿ ಮೆಚ್ಚುವಂಥದ್ದೂ ಇದೆ. ಅವಧಿ ಮುಗಿಯುವ ತಿಂಗಳ ಮುಂಚೆ ಒಂದು, ವಾರದ ಮುಂಚೆ ಒಂದು, ಮುಗಿದ ಐದು ದಿನದೊಳಗೆ ಮತ್ತೊಂದು ನೋಟಿಸ್ ಹೋಗಲೇಬೇಕು. ಹೋಗುವುದು ಯಾರಿಗೆ? ನಮ್ಮ ಕಡೆ ಸೈಟ್ ಮಾಡಿಕೊಟ್ಟ ಹುಡುಗ ತನ್ನದೇ ಇಮೇಲ್ ಕೊಟ್ಟು ನೋಂದಾಯಿಸುವುದು ಮಾಮೂಲು. ಅವನು ಬೆಂಗಳೂರು ಸೇರಿದ ಮೇಲೆ ಆ ಮೇಲ್ ತೆರೆಯುವವರಿಲ್ಲ. ಹಾಗಾಗಿ ನನಗೆ ಹೆಚ್ಚು ಹಿಡಿಸಿದ್ದು ಇನ್ನೊಂದು ನಿಯಮ: ಹೆಸರು ಅಳಿಸುವ ಮುನ್ನ ಕನಿಷ್ಠ ಎಂಟು ದಿನ ಸೈಟ್ ನಿಲ್ಲಿಸಬೇಕು. “ನಿಮ್ದು ಓಪನ್ನೇ ಆಗ್ತಿಲ್ವಲ್ಲ ಸಾರ್” ಎಂದು ಗಿರಾಕಿ ಫೋನ್ ಮಾಡುತ್ತಾನೆ. ನಿಜವಾದ ಮಾಲೀಕರಿಗೆ ಮುಟ್ಟುವ ನೋಟಿಸ್ ಇದೊಂದೇ. ಅದೂ ತಪ್ಪಿದರೆ ದುಬಾರಿ ಶುಲ್ಕ ಕಟ್ಟಿ ಬಿಡಿಸಿಕೊಳ್ಳಲು 30 ದಿನ, ಆಮೇಲೆ ಪೂರ್ತಿ ಅಳಿಸಿಹೋಗುವ ಮುನ್ನ ಕಾಯುವ ಐದು ದಿನ, ಬಳಿಕ ಯಾರು ಬೇಕಾದರೂ ಕೊಳ್ಳಬಹುದು.

ತಿ. ನರಸೀಪುರದಂಥ ಊರಿಗೆ ಈ ಗಡುವು ಇನ್ನೂ ಒಗ್ಗದು. ಅಲ್ಲಿನ ಕುಂಭಮೇಳ 1989ರಲ್ಲಿ ಶುರುವಾದದ್ದು, ಮೂರು ವರ್ಷಕ್ಕೊಮ್ಮೆ ಬರುವಂಥದ್ದು. ಮೇಳಕ್ಕೆಂದು ಒಂದು ವರ್ಷಕ್ಕೆ ಕೊಂಡ ಹೆಸರು ಮುಂದಿನ ಮೇಳದ ಹೊತ್ತಿಗೆ ಇನ್ಯಾರ ಕೈಯಲ್ಲೋ ಇದ್ದೀತು. ಒಟ್ಟಿಗೆ ಹತ್ತು ವರ್ಷಕ್ಕೆ ನೋಂದಾಯಿಸಲು ಅವಕಾಶವಿದೆ. ಆದರೆ ಕಣ್ಣಿಗೆ ರಾಚುವುದು ಮೊದಲ ವರ್ಷದ ರಿಯಾಯಿತಿ. ನಿಕ್ಸಿ ಸಂಸ್ಥೆ ‘ಡಾಟ್ ಭಾರತ’ದಡಿ ಕನ್ನಡದಲ್ಲೇ ಹೆಸರು ಕೊಡುತ್ತದೆ, ಸಂತೋಷ. ಅದರ ಸ್ಥಿತಿ ತಿಳಿಸುವ ಸಂಕೇತಗಳು ಮಾತ್ರ ಇಂಗ್ಲಿಷಿನವೇ. ಹಣ ಸಂದಿದೆಯೇ, ಖಾತೆ ಯಾರ ಇಮೇಲಿನಲ್ಲಿದೆ, ಮಾಮೂಲಿ ಶುಲ್ಕಕ್ಕೆ ಕೊನೆಯ ದಿನ ಯಾವುದು: ಲಾಗಿನ್ ಆದ ಮಾಲೀಕರಿಗೆ ಈ ಮೂರು ಸಾಲು ಕನ್ನಡದಲ್ಲಿ ತೋರಿಸಲು ಯಾವ ಹೊಸ ತಂತ್ರಜ್ಞಾನವೂ ಬೇಡ.