ಮತ ಎಲ್ಲರದು, ತೂಕ ಉಳ್ಳವರದು

ಕ್ರಿ.ಪೂ. 133. ಭೂಸುಧಾರಣೆಯ ಮಸೂದೆಗೆ ಅಡ್ಡಗಾಲು ಹಾಕಿದ ಸಹ ಟ್ರಿಬ್ಯೂನ್ (ಜನರ ಪ್ರತಿನಿಧಿ) ಆಕ್ಟೇವಿಯಸ್‌ನನ್ನು ಪದಚ್ಯುತಗೊಳಿಸಲು ಟೈಬೀರಿಯಸ್ ಗ್ರಾಕಸ್ ರೋಮ್‌ನ ಜನಸಭೆಯ ಮುಂದೆ ಪ್ರಸ್ತಾವ ಇಟ್ಟಿದ್ದ. ಮತದಾರರ ಗುಂಪುಗಳಾದ 35 ಟ್ರೈಬ್‌ಗಳ ಪೈಕಿ 17 ಅವನ ಪರವಾಗಿ ಮತ ಹಾಕಿಯಾಗಿತ್ತು. ಇನ್ನೊಂದು ಸೇರಿದರೆ ಬಹುಮತ. ಆಗ ಗ್ರಾಕಸ್ ಮತದಾನ ತಡೆದು, ಹಳೆಯ ಗೆಳೆಯನನ್ನು ತಬ್ಬಿಕೊಂಡು ಹಟ ಬಿಡುವಂತೆ ಬೇಡಿಕೊಂಡನೆಂದು ಪ್ಲುಟಾರ್ಕ್ ಬರೆಯುತ್ತಾನೆ. ಆಕ್ಟೇವಿಯಸ್ ಜಗ್ಗಲಿಲ್ಲ. ಹದಿನೆಂಟನೆಯ ಟ್ರೈಬ್ ಮತ ಹಾಕಿತು. ಅವನ ಪದವಿ ಹೋಯಿತು.

ಗಣರಾಜ್ಯದ ಮತಸಭೆಗಳ ಬಲ, ಕೊರತೆ ಎರಡೂ ಈ ಪ್ರಸಂಗದಲ್ಲಿವೆ. ಅಧಿಕಾರದಲ್ಲಿದ್ದವನನ್ನು ಇಳಿಸುವ ಶಕ್ತಿ ಜನರಿಗಿತ್ತು. ಆದರೆ ಅಂತಿಮವಾಗಿ ಎಣಿಕೆಗೆ ಬರುತ್ತಿದ್ದದ್ದು ಗುಂಪುಗಳು, ತಲೆಗಳಲ್ಲ.

ಅತ್ಯುನ್ನತ ಅಧಿಕಾರಿಗಳಾದ ಕಾನ್ಸಲ್‌ಗಳನ್ನು ಆರಿಸುತ್ತಿದ್ದ ಸೆಂಚುರಿ ಸಭೆಯಲ್ಲಂತೂ ತಾರತಮ್ಯ ಕಣ್ಣಿಗೆ ರಾಚುತ್ತದೆ. ಆಸ್ತಿಯ ಆಧಾರದ ಮೇಲೆ ನಾಗರಿಕರನ್ನು 193 ಸೆಂಚುರಿಗಳಾಗಿ ವಿಂಗಡಿಸಿದ್ದರು. ಹಳೆಯ ವ್ಯವಸ್ಥೆಯಲ್ಲಿ ಅಶ್ವಾರೋಹಿಗಳಿಗೆ 18, ಮೊದಲ ದರ್ಜೆಯ ಸಿರಿವಂತರಿಗೆ 80. ಇವರು ಒಂದಾದರೆ 98. ಅಲ್ಲಿಗೆ ಫಲಿತಾಂಶ ತೀರ್ಮಾನ. ಆಸ್ತಿಯಿಲ್ಲದವರೆಲ್ಲ ಕೊನೆಯ ಒಂದೇ ಸೆಂಚುರಿಯಲ್ಲಿ ತುಂಬಿಕೊಂಡಿದ್ದರು. ಬಹುಮತ ಸಿಕ್ಕ ಕೂಡಲೇ ಮತದಾನ ಮುಗಿಯುತ್ತಿದ್ದುದರಿಂದ ಎಷ್ಟೋ ಸಲ ಅವರ ಸರದಿಯೇ ಬರುತ್ತಿರಲಿಲ್ಲ. ಮುಂದೆ ಮೊದಲ ದರ್ಜೆಯ ಪಾಲು 70ಕ್ಕೆ ಇಳಿದರೂ ಸಿರಿವಂತರ ಮೇಲುಗೈ ತಪ್ಪಲಿಲ್ಲ.

ಟ್ರೈಬ್‌ಗಳ ಸಭೆ ಇದಕ್ಕಿಂತ ವಾಸಿ. ಕ್ರಿ.ಪೂ. 287ರ ಹಾರ್ಟೆನ್ಸಿಯಸ್ ಕಾಯಿದೆಯ ನಂತರ ಪ್ಲೆಬಿಯನ್ನರ (ಸಾಮಾನ್ಯ ನಾಗರಿಕರ) ನಿರ್ಣಯ ಇಡೀ ರೋಮ್‌ಗೆ ಕಾನೂನಾಯಿತು. ಆದರೆ ನಗರಕ್ಕೆ 4 ಟ್ರೈಬ್, ಗ್ರಾಮೀಣ ಪ್ರದೇಶಕ್ಕೆ 31. ಮತ ಹಾಕಲು ರೋಮ್‌ಗೇ ಬರಬೇಕು. ದೂರದ ಬಡ ರೈತ ಹೊಲ ಬಿಟ್ಟು ಬರುವುದಾದರೂ ಹೇಗೆ? ಹೆಂಗಸರಿಗೆ, ಗುಲಾಮರಿಗೆ ಮತವೇ ಇರಲಿಲ್ಲ. ಮಸೂದೆ ತಿದ್ದುವ ಅವಕಾಶವೂ ಇಲ್ಲ. ಹೌದು ಅಥವಾ ಇಲ್ಲ, ಅಷ್ಟೆ.

ಈ ವ್ಯವಸ್ಥೆಯಲ್ಲಿ ಮನಸಾರೆ ಮೆಚ್ಚಬೇಕಾದದ್ದು ಗುಪ್ತ ಮತದಾನ. ಮೊದಲು ಮತವನ್ನು ಬಾಯಿಬಿಟ್ಟು ಹೇಳಬೇಕಿತ್ತು; ಅದು ಧಣಿಯ ಕಿವಿಗೂ ಬೀಳುತ್ತಿತ್ತು. ಕ್ರಿ.ಪೂ. 139ರ ಗಬೀನಿಯಸ್ ಕಾಯಿದೆ ಚುನಾವಣೆಗೆ ಮೇಣ ಸವರಿದ ಪುಟ್ಟ ಹಲಗೆ ತಂದಿತು. ಮತದಾರ ಎತ್ತರದ ಕಾಲುಹಾದಿ ಏರಿ ಹೋಗಿ ಅದನ್ನು ಬುಟ್ಟಿಗೆ ಹಾಕುತ್ತಿದ್ದ. ಅಲ್ಲೂ ಇಣುಕಿ ಒತ್ತಾಯಿಸುವವರು ನಿಂತಾಗ, ಕ್ರಿ.ಪೂ. 119ರಲ್ಲಿ ಮಾರಿಯಸ್ ಆ ಹಾದಿಯನ್ನೇ ಕಿರಿದಾಗಿಸುವ ಕಾಯಿದೆ ತಂದ. ಗುಪ್ತ ಮತದಿಂದ ಗಣ್ಯರ ಹಿಡಿತ ಸಡಿಲವಾಯಿತೆಂದು ಸಿಸೆರೋ ಕೊರಗಿದ; ಸುಧಾರಣೆ ಫಲಿಸಿತೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಈ ಮತಸಭೆಗಳನ್ನು ಪ್ರಜಾಪ್ರಭುತ್ವದ ಮಾದರಿಯೆಂದು ಹೊಗಳುವುದು ಅತಿಯಾಯಿತು. ಬರೀ ನಾಟಕವೆಂದು ತಳ್ಳಿಹಾಕುವುದು ಅನ್ಯಾಯ. ಕ್ರಿ.ಶ. 14ರಲ್ಲಿ ಚಕ್ರವರ್ತಿ ಟೈಬೀರಿಯಸ್ ಚುನಾವಣೆಗಳನ್ನು ಸೆನೆಟ್‌ಗೆ ವರ್ಗಾಯಿಸಿದಾಗ ಜನ ಗೊಣಗಿದರೇ ಹೊರತು ಪ್ರತಿಭಟಿಸಲಿಲ್ಲವೆಂದು ಟ್ಯಾಸಿಟಸ್ ದಾಖಲಿಸಿದ್ದಾನೆ. ಬಡವರ ಮತಕ್ಕೆ ತಲೆಮಾರುಗಳ ಕಾಲ ತೂಕ ಕೊಡದ ಈ ಸಭೆಗಳ ಪರ ಕೊನೆಗೆ ಎದ್ದು ನಿಲ್ಲುವವರೇ ಇರಲಿಲ್ಲ.