ಕಟ್ಟಡದ ಮಣ್ಣು, ಕೆರೆಯ ಹೂಳು

ಬೆಂಗಳೂರಿನಲ್ಲಿ ಮಳೆಗಾಲ ಬಂತೆಂದರೆ ರಾಜಕಾಲುವೆಗಳ ಹೂಳೆತ್ತುವ ಕೆಲಸವೂ ಬಂತು. ಯಂತ್ರ ಕಾಲುವೆಗಿಳಿಯುತ್ತದೆ, ಟಿಪ್ಪರ್‌ಗಳು ತುಂಬುತ್ತವೆ, ಬಿಲ್ಲು ಪಾಸಾಗುತ್ತದೆ. ಮುಂದಿನ ವರ್ಷ ಮತ್ತೆ ಅದೇ ಕಾಲುವೆ, ಅದೇ ಟೆಂಡರು. ಎತ್ತಿದ ಹೂಳಿನಲ್ಲಿ ಕಸವಿದೆ, ಕೊಳಚೆಯಿದೆ, ಕಟ್ಟಡ ಒಡೆದ ತ್ಯಾಜ್ಯವಿದೆ. ಜೊತೆಗೆ ಕಟ್ಟುತ್ತಿರುವ ನಿವೇಶನಗಳಿಂದ ಕೊಚ್ಚಿ ಬಂದ ಮಣ್ಣೂ ಇದೆ. 2022ರ ಸೆಪ್ಟೆಂಬರಿನಲ್ಲಿ ಹೊರವರ್ತುಲ ರಸ್ತೆ, ಬೆಳ್ಳಂದೂರು, ಮಹದೇವಪುರದ ಕಡೆ ನೀರು ನುಗ್ಗಿದಾಗ ಒತ್ತುವರಿಯ ಬಗ್ಗೆ ದೊಡ್ಡ ಚರ್ಚೆಯೇ ನಡೆಯಿತು. ಅದು ನಡೆಯಲೇಬೇಕಿತ್ತು. ಆದರೆ ಮಣ್ಣನ್ನು ಅದು ಹೊರಡುವ ಜಾಗದಲ್ಲೇ ತಡೆಯುವ ಕೆಲಸ ನಮ್ಮಲ್ಲಿ ಹೇಗೆ ನಡೆಯುತ್ತಿದೆ ಎಂದು ಕೇಳಿದವರು ಕಡಿಮೆ. ಅದು ಕಾಗದದ ಮೇಲೆ ಅರೆಬರೆಯಾಗಿದೆ, ನೆಲದ ಮೇಲೆ ಇನ್ನೂ ಕಡಿಮೆಯಿದೆ ಎಂಬುದು ನನ್ನ ತೀರ್ಮಾನ.

ಸಮಸ್ಯೆಯ ಗಾತ್ರ ಸಣ್ಣದಲ್ಲ. ಅಮೆರಿಕದ ಪರಿಸರ ಸಂರಕ್ಷಣಾ ಸಂಸ್ಥೆಯ ಅಂದಾಜಿನ ಪ್ರಕಾರ ಕಟ್ಟಡ ನಿವೇಶನದಿಂದ ಹರಿದುಹೋಗುವ ಮಣ್ಣು ಕೃಷಿಭೂಮಿಯದಕ್ಕಿಂತ 10ರಿಂದ 20 ಪಟ್ಟು, ಕಾಡಿನದಕ್ಕಿಂತ 1,000ದಿಂದ 2,000 ಪಟ್ಟು ಹೆಚ್ಚು. ಮೇರಿಲ್ಯಾಂಡ್‌ನ ಹೊಳೆಗಳನ್ನು ಅಧ್ಯಯನ ಮಾಡಿದ ಗಾರ್ಡನ್ ವುಲ್ಮನ್ 1967ರಲ್ಲೇ ಇದರ ಸ್ವರೂಪವನ್ನು ತೋರಿಸಿದ್ದರು: ನಿರ್ಮಾಣ ನಡೆಯುವಾಗ ಹೂಳು ಒಮ್ಮೆಲೇ ಏರುತ್ತದೆ, ಊರು ಕಟ್ಟಿ ಮುಗಿದ ಮೇಲೆ ಇಳಿಯುತ್ತದೆ. ಕಟ್ಟುವ ಕೆಲಸ ತಾತ್ಕಾಲಿಕ ತಾನೇ ಎಂದು ಸುಮ್ಮನಾಗುವವರು ಒಂದನ್ನು ಮರೆಯುತ್ತಾರೆ. ಬೆಂಗಳೂರಿನಂಥ ಊರಿನಲ್ಲಿ ಒಂದು ಕಡೆ ಮುಗಿಯುವ ಹೊತ್ತಿಗೆ ಇನ್ನೊಂದು ಕಡೆ ಪಾಯ ತೋಡಿರುತ್ತಾರೆ. ಕೆರೆಗೆ ಮಾತ್ರ ಬಿಡುವಿಲ್ಲ.

ಮಣ್ಣನ್ನು ನಿವೇಶನದಲ್ಲೇ ತಡೆಯುವ ವಿದ್ಯೆಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಕ್ರಮ. ಮೊದಲನೆಯದು, ಬೇಕಾದಷ್ಟೇ ನೆಲವನ್ನು ಬೇಕಾದಾಗ ಮಾತ್ರ ಬಗೆಯುವುದು. ಎರಡನೆಯದು, ಬಗೆದ ನೆಲವನ್ನು ಬೇಗ ಮುಚ್ಚುವುದು; ಹುಲ್ಲು, ತೆಂಗಿನ ನಾರಿನ ಚಾಪೆ, ಟಾರ್ಪಾಲು ಯಾವುದಾದರೂ ಸರಿ. ದಪ್ಪ ಮಳೆಹನಿ ಸೆಕೆಂಡಿಗೆ ಸುಮಾರು 9 ಮೀಟರ್ ವೇಗದಲ್ಲಿ ಬರಿನೆಲಕ್ಕೆ ಬಡಿಯುತ್ತದೆ. ಆ ಪೆಟ್ಟಿಗೆ ಹೆಂಟೆ ಒಡೆದು ಕಣಗಳು ಬಿಡುಗಡೆಯಾಗುವುದನ್ನು ಹೊದಿಕೆಯೊಂದೇ ತಡೆಯಬಲ್ಲದು. ಮೂರನೆಯದು, ಮೇಲಿನಿಂದ ಬರುವ ನೀರು ನಿವೇಶನಕ್ಕೆ ನುಗ್ಗದಂತೆ ಬದು ಹಾಕಿ ಪಕ್ಕಕ್ಕೆ ತಿರುಗಿಸುವುದು. ಇಷ್ಟೆಲ್ಲ ಆದ ಮೇಲೂ ಉಳಿದ ಕೆಸರುನೀರಿಗೆ ಹೂಳು ತಂಗುವ ಹೊಂಡ ಮತ್ತು ಅದನ್ನು ತಡೆದು ಸೋಸುವ ಬಟ್ಟೆಬೇಲಿ.

ನಮ್ಮ ನಿವೇಶನಗಳಲ್ಲಿ ಈ ಕ್ರಮ ತಲೆಕೆಳಗಾಗಿದೆ. ಎಕರೆಗಟ್ಟಲೆ ಜಾಗವನ್ನು ಜೆಸಿಬಿ ಒಂದೇ ಸಲಕ್ಕೆ ಬೋಳಿಸುತ್ತದೆ. ಅಗೆದ ಮಣ್ಣಿನ ಗುಡ್ಡೆ ತಿಂಗಳುಗಟ್ಟಲೆ ಬಯಲಲ್ಲೇ ಬಿದ್ದಿರುತ್ತದೆ. ಸುತ್ತ ಎತ್ತರದ ತಗಡು ನಿಲ್ಲಿಸುತ್ತಾರೆ. ತಗಡಿನ ಬುಡದಲ್ಲಿ ಕೆಂಪುನೀರು ಸರಾಗವಾಗಿ ಹೊರಗೆ ಹರಿಯುತ್ತದೆ. ಟಿಪ್ಪರಿನ ಚಕ್ರಗಳು ರಸ್ತೆಗೆ ತಂದು ಸುರಿದ ಕೆಸರನ್ನು ಮುಂದಿನ ಮಳೆ ಮೋರಿಗೆ ಸೇರಿಸುತ್ತದೆ. ನೆಲಮಾಳಿಗೆಗೆ ತೋಡಿದ ಗುಂಡಿಯಲ್ಲಿ ನಿಂತ ರಾಡಿಯನ್ನು ಮೋಟಾರು ಹಾಕಿ ನೇರವಾಗಿ ಚರಂಡಿಗೆ ಬಿಡುವುದು ಎಷ್ಟು ರೂಢಿಯಾಗಿದೆಯೆಂದರೆ, ಅದು ತಪ್ಪೆಂದು ಮೇಸ್ತ್ರಿಗೂ ಅನ್ನಿಸುವುದಿಲ್ಲ, ದಾರಿಹೋಕರಿಗೂ ಅನ್ನಿಸುವುದಿಲ್ಲ.

ಕಾನೂನು ಏನನ್ನುತ್ತದೆ? 2006ರ ಪರಿಸರ ಪರಿಣಾಮ ಮೌಲ್ಯಮಾಪನ ಅಧಿಸೂಚನೆಯ ಪ್ರಕಾರ 20,000 ಚದರ ಮೀಟರ್ ಮತ್ತು ಅದಕ್ಕಿಂತ ದೊಡ್ಡ ಕಟ್ಟಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ನಿರ್ಮಾಣದ ದೂಳಿಗೆ ನಿಯಮ ತಂದಿತು. ಸಡಿಲ ಮಣ್ಣು, ಮರಳನ್ನು ಮುಚ್ಚದೆ ಬಿಡಬಾರದು ಎಂದಿತು. ಒಳ್ಳೆಯ ನಿಯಮವೇ. ಆದರೆ ಅದು ಗಾಳಿಯಲ್ಲಿ ಏಳುವ ಮಣ್ಣನ್ನು ಕಂಡಷ್ಟು ಸ್ಪಷ್ಟವಾಗಿ ನೀರಿನಲ್ಲಿ ಹರಿಯುವ ಮಣ್ಣನ್ನು ಕಾಣಲಿಲ್ಲ. ದೂಳು ನಮ್ಮ ಮೂಗಿಗೆ ತಾಗುತ್ತದೆ, ಹೂಳು ಕೆರೆಯ ತಳ ಸೇರಿ ಕಣ್ಮರೆಯಾಗುತ್ತದೆ. ಹಸಿರು ಕಟ್ಟಡದ ಪ್ರಮಾಣಪತ್ರಗಳಲ್ಲಿ ಮಣ್ಣಿನ ಸವಕಳಿ ತಡೆಯುವುದು ಕಡ್ಡಾಯ ಷರತ್ತು ನಿಜ, ಆದರೆ ಪ್ರಮಾಣಪತ್ರ ಪಡೆಯುವುದೇ ಐಚ್ಛಿಕ. ಮೂವತ್ತು-ನಲವತ್ತರ ಸೈಟುಗಳಲ್ಲಿ ಏಳುವ ಅಸಂಖ್ಯ ಮನೆಗಳು ಈ ಯಾವ ಬಲೆಗೂ ಬೀಳುವುದಿಲ್ಲ. ಅವುಗಳ ಜಲ್ಲಿ, ಎಂ-ಸ್ಯಾಂಡ್, ಮಣ್ಣು ಎಲ್ಲವೂ ರಸ್ತೆಯ ಮೇಲೆ, ಮೋರಿಯ ಬಾಯಲ್ಲೇ.

ಅಮೆರಿಕದ ಮಾದರಿಯಲ್ಲಿ ಕಲಿಯಲು ಬಹಳವಿದೆ. ಮೇರಿಲ್ಯಾಂಡ್ 1970ರಲ್ಲೇ ಹೂಳು ನಿಯಂತ್ರಣ ಕಾಯ್ದೆ ಮಾಡಿತು. ಇಂದು ಆ ದೇಶದಲ್ಲಿ ಒಂದು ಎಕರೆ ಮತ್ತು ಮೇಲ್ಪಟ್ಟ ನೆಲ ಬಗೆಯುವವರು ಅನುಮತಿ ಪಡೆಯಬೇಕು, ಮಳೆನೀರಿನ ಯೋಜನೆ ಬರೆಯಬೇಕು, ಕ್ರಮಗಳನ್ನು ನಿಯತವಾಗಿ ಪರೀಕ್ಷಿಸಬೇಕು. ಹೊಣೆ ನಿವೇಶನದ ಮೇಲೆಯೇ ನಿಲ್ಲುತ್ತದೆ, ಕೆಳಗಿನ ಊರಿನ ಮೇಲೆ ಬೀಳುವುದಿಲ್ಲ. ಇದು ಅದರ ದೊಡ್ಡ ಗುಣ. ಆದರೆ ಅದರ ಅತಿ ಪ್ರಸಿದ್ಧ ಸಾಧನವಾದ ಕಪ್ಪು ಬಟ್ಟೆಬೇಲಿಯನ್ನು ಕಣ್ಣುಮುಚ್ಚಿ ತರುವಂತಿಲ್ಲ. ಬಟ್ಟೆಯ ಅಂಚನ್ನು ಸುಮಾರು 15 ಸೆಂಟಿಮೀಟರ್ ಆಳಕ್ಕೆ ಹೂಳದಿದ್ದರೆ ನೀರು ಅಡಿಯಿಂದ ನುಸುಳುತ್ತದೆ. ಸಮಪಾತಳಿಯಲ್ಲಿ ನಿಲ್ಲಿಸದಿದ್ದರೆ ತಗ್ಗಿನ ಮೂಲೆಯಲ್ಲಿ ಒತ್ತಿ ಕಿತ್ತುಕೊಳ್ಳುತ್ತದೆ. ಸರಿಯಾಗಿ ಹಾಕಿದರೂ ಅದು ಮುಖ್ಯವಾಗಿ ಮರಳಿನ ಕಣಗಳನ್ನು ಹಿಡಿಯುತ್ತದೆ. ಒಂದು ಮೀಟರ್ ಆಳದ ನಿಂತ ನೀರಿನಲ್ಲಿ ನಯವಾದ ಮರಳು ತಳ ಸೇರಲು ಎರಡು ನಿಮಿಷ ಸಾಕು. ಜೇಡಿಯ ಕಣಕ್ಕೆ ಮೂರು ದಿನಕ್ಕೂ ಹೆಚ್ಚು ಬೇಕು. ಜೇಡಿ ಬೆರೆತ ನಮ್ಮ ಕೆಮ್ಮಣ್ಣಿಗೆ ಬೇಲಿಯನ್ನಷ್ಟೇ ನಂಬಿದರೆ ಸೋಲು ಖಚಿತ. ಇಲ್ಲಿ ಹೊದಿಕೆಯೇ ಮೊದಲ ಮದ್ದು.

ಅದಕ್ಕೆ ಬೇಕಾದ ಸಾಮಗ್ರಿಗಾಗಲಿ ತಿಳಿವಳಿಕೆಗಾಗಲಿ ನಮಗೆ ಕೊರತೆಯಿಲ್ಲ. ತುಮಕೂರು, ಹಾಸನದ ತೆಂಗಿನ ಸೀಮೆ ನಾರು ಕೊಡುತ್ತದೆ. ತೆಂಗಿನ ನಾರಿನ ಭೂವಸ್ತ್ರಕ್ಕೆ ಭಾರತೀಯ ಮಾನಕ ಬ್ಯೂರೋದ ಮಾನದಂಡವೂ ಇದೆ. ದಿಬ್ಬದ ಅಂಚು ಹಿಡಿಯಲು ಲಾವಂಚವಿದೆ. ಇಳಿಜಾರಿಗೆ ಅಡ್ಡಲಾಗಿ ಬದು ಹಾಕುವುದನ್ನು ಬಯಲುಸೀಮೆಯ ರೈತರಿಗೆ ಯಾರೂ ಹೇಳಿಕೊಡಬೇಕಿಲ್ಲ. ಜಲಾನಯನ ಯೋಜನೆಗಳು ಹೊಲಗಳಲ್ಲಿ ಮಾಡಿಸುವುದೂ ಅದನ್ನೇ. ಹೊಲದಲ್ಲಿ ಹಿಡಿ ಮಣ್ಣು ಹೋದರೆ ಮರುಗುವ ನಾಡು ಕಟ್ಟಡದ ಬೇಲಿಯೊಳಗೆ ಆ ಕಾಳಜಿಯನ್ನು ಮರೆತಿರುವುದು ನನಗೆ ನೋವಿನ ಸಂಗತಿ.

ಮರೆವಿಗೆ ಕಾರಣ ಲೆಕ್ಕದ ಪುಸ್ತಕದಲ್ಲಿದೆ. ಅಗೆತಕ್ಕೆ ಘನಮೀಟರಿಗೆ ಇಷ್ಟೆಂದು ದರವಿದೆ, ಕಾಲುವೆಯ ಹೂಳೆತ್ತಲೂ ದರವಿದೆ. ಮಣ್ಣನ್ನು ಇದ್ದಲ್ಲೇ ಉಳಿಸಿದ್ದಕ್ಕೆ ಪ್ರತ್ಯೇಕ ದರ ಕಾಣದಿದ್ದರೆ ಗುತ್ತಿಗೆದಾರ ಅದನ್ನು ಮೊದಲು ಕೈಬಿಡುತ್ತಾನೆ. ಅವನೊಬ್ಬನನ್ನೇ ದೂರಿ ಪ್ರಯೋಜನವಿಲ್ಲ. ಸರ್ಕಾರಿ ಕಾಮಗಾರಿಗಳ ಅಂದಾಜುಪಟ್ಟಿಯಲ್ಲಿ ಹೊದಿಕೆ, ಬದು, ಹೂಳುಹೊಂಡ, ಚಕ್ರ ತೊಳೆಯುವ ಜಾಗ ಇವಕ್ಕೆ ಒಂದೊಂದು ಸಾಲು ಬರಲಿ; ಅಳತೆ ಮಾಡಿ ಹಣ ಕೊಡಲಿ. ದೊಡ್ಡ ಅಗೆತವನ್ನು ಆದಷ್ಟೂ ಜನವರಿಯಿಂದ ಏಪ್ರಿಲ್‌ನೊಳಗೆ ಮುಗಿಸುವ ಷರತ್ತಿರಲಿ. ಸಣ್ಣ ಮನೆಗಳ ನಕ್ಷೆ ಮಂಜೂರಾತಿಗೆ ಮೂರೇ ಸರಳ ನಿಯಮ ಸೇರಲಿ: ಗುಡ್ಡೆ ಮೋರಿಯಿಂದ ದೂರವಿರಬೇಕು, ಸಂಜೆಗೆ ಮುಚ್ಚಿರಬೇಕು, ಗೇಟಿಗೆ ಅಡ್ಡ ಬದುವಿರಬೇಕು. ಪಾಲಿಕೆಯ ಎಂಜಿನಿಯರು ಮಳೆ ನಿಂತ ಮರುದಿನ ನಿವೇಶನದ ಹೊರಮೋರಿಯನ್ನು ನೋಡಿದರೆ ಸಾಕು, ನಿಯಮ ಪಾಲನೆಯಾಗಿದೆಯೋ ಇಲ್ಲವೋ ಅಲ್ಲೇ ತಿಳಿಯುತ್ತದೆ. ಇದರ ವೆಚ್ಚವನ್ನು ಕಟ್ಟುವವರೇ ಭರಿಸಬೇಕು. ಇಂದು ಅದನ್ನು ಹೂಳೆತ್ತುವ ತೆರಿಗೆಯಾಗಿ, ಮನೆಯೊಳಗೆ ನುಗ್ಗಿದ ನೀರಾಗಿ ತೆರುತ್ತಿರುವವರು ಕಟ್ಟಡದಿಂದ ಯಾವ ಲಾಭವನ್ನೂ ಕಾಣದ ತಗ್ಗಿನ ಜನ.